ಹವ್ಯಾಸಿ ದೂರದರ್ಶಕ: ನಳಿಕೆಯಷ್ಟೇ ಪೀಠವೂ ಮುಖ್ಯ

ಆಕಾಶ ವೀಕ್ಷಣೆಯ ಹವ್ಯಾಸಕ್ಕಾಗಿ ದೂರದರ್ಶಕ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಕನ್ನಡಿಯ ವ್ಯಾಸ ಮತ್ತು ವರ್ಧನ ಸಾಮರ್ಥ್ಯವನ್ನು. ನಳಿಕೆಯನ್ನು ಹೊರುವ ಪೀಠದತ್ತ ಗಮನ ಹರಿಸುವವರು ವಿರಳ. ಆದರೆ ಕೊಂಡ ಉಪಕರಣವು ಬಳಕೆಯಾಗುವುದೋ ಅಟ್ಟ ಸೇರುವುದೋ ಎಂಬುದು ಬಹುಮಟ್ಟಿಗೆ ಈ ಪೀಠವನ್ನೇ ಅವಲಂಬಿಸಿದೆ.

ಭೂಮಿಯ ಆವರ್ತನದಿಂದಾಗಿ ಆಕಾಶಕಾಯಗಳು ಗಂಟೆಗೆ ಸುಮಾರು 15 ಡಿಗ್ರಿಗಳಷ್ಟು ಪಶ್ಚಿಮಕ್ಕೆ ಸರಿದಂತೆ ತೋರುತ್ತವೆ. 100 ಪಟ್ಟು ವರ್ಧನೆಯಲ್ಲಿ ಸಾಧಾರಣ ನೇತ್ರಮಸೂರಕ್ಕೆ ಕಾಣುವ ಆಕಾಶದ ಅಗಲ ಅರ್ಧ ಡಿಗ್ರಿ, ಅಂದರೆ ಚಂದ್ರಬಿಂಬದಷ್ಟು. ಗ್ರಹವೊಂದು ಅದನ್ನು ಸುಮಾರು ಎರಡೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಪೀಠ ಅಲುಗಾಡಿದರೆ ಆ ಎರಡು ನಿಮಿಷಗಳೂ ವ್ಯರ್ಥ.

ಡಾಬ್ಸೋನಿಯನ್: ಮೇಲೆ-ಕೆಳಗೆ ಮತ್ತು ಎಡಕ್ಕೆ-ಬಲಕ್ಕೆ ತಿರುಗುವ ಸರಳ ಮರದ ಪೀಠವಿದು. ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದ ಜಾನ್ ಡಾಬ್ಸನ್ (1915-2014) ಇದನ್ನು 1960ರ ದಶಕದಲ್ಲಿ ಬಳಕೆಗೆ ತಂದರು. ಇಲ್ಲಿ ಹಣದ ಬಹುಪಾಲು ಕನ್ನಡಿಗೇ ಸಲ್ಲುತ್ತದೆ. 20 ಸೆಂ.ಮೀ. ಕನ್ನಡಿಯು 10 ಸೆಂ.ಮೀ. ಕನ್ನಡಿಗಿಂತ ನಾಲ್ಕು ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. ಮೋಟಾರಿಲ್ಲದ ಕಾರಣ ನಳಿಕೆಯನ್ನು ಆಗಾಗ ಕೈಯಿಂದಲೇ ಸರಿಸಬೇಕು. ದೀರ್ಘಾವಧಿಯ ಛಾಯಾಗ್ರಹಣಕ್ಕೆ ಇದು ಒದಗದು.

ಈಕ್ವಟೋರಿಯಲ್: ಇದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಹೊಂದಿಸಲಾಗುತ್ತದೆ. ಹೀಗಾಗಿ ಒಂದೇ ಮೋಟಾರು ಏಕರೀತಿಯ ವೇಗದಲ್ಲಿ ತಿರುಗಿ ನಕ್ಷತ್ರವನ್ನು ಹಿಂಬಾಲಿಸಬಲ್ಲದು. ನೀಹಾರಿಕೆಗಳ ಛಾಯಾಗ್ರಹಣಕ್ಕೆ ಇದೇ ಪ್ರಶಸ್ತ. ಆದರೆ ಅಕ್ಷವನ್ನು ಧ್ರುವದತ್ತ ಗುರಿಯಿಡುವುದು ಕರ್ನಾಟಕದಲ್ಲಿ ಅಷ್ಟು ಸುಲಭವಲ್ಲ. ಧ್ರುವ ನಕ್ಷತ್ರವು ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ ಮಾತ್ರ ಎತ್ತರದಲ್ಲಿದ್ದು, ಮರ ಅಥವಾ ಕಟ್ಟಡಗಳ ಮರೆಯಾಗುವುದುಂಟು. ಪೀಠವು ಇಷ್ಟು ಕಡಿಮೆ ಅಕ್ಷಾಂಶಕ್ಕೆ ಬಾಗುವುದೇ ಎಂಬುದನ್ನು ಕೊಳ್ಳುವ ಮೊದಲೇ ಪರಿಶೀಲಿಸುವುದು ಲೇಸು.

ಗೋ-ಟು: ಗಣಕಯಂತ್ರದ ನೆರವಿನಿಂದ ಆಕಾಶಕಾಯಗಳನ್ನು ತಾನೇ ಹುಡುಕಿ ಹಿಂಬಾಲಿಸುವ ವ್ಯವಸ್ಥೆಯಿದು. ದೀಪಗಳ ಬೆಳಕಿನಿಂದ ನಕ್ಷತ್ರಗಳು ಮಸುಕಾಗುವ ನಗರವಾಸಿಗಳಿಗೆ ಇದು ಉಪಯುಕ್ತ. ಇದಕ್ಕೆ ವಿದ್ಯುತ್ ಬೇಕು. ಸಾಮಾನ್ಯವಾಗಿ ಆರಂಭದಲ್ಲಿ ಎರಡು-ಮೂರು ನಕ್ಷತ್ರಗಳನ್ನು ತೋರಿಸಿ ಹೊಂದಿಸಬೇಕು. ಇದೇ ವ್ಯವಸ್ಥೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಪೀಠದ ಮೇಲಿದ್ದರೆ, ಕಾಯವು ನಡುವಿನಲ್ಲೇ ಉಳಿದರೂ ಸುತ್ತಲಿನ ದೃಶ್ಯವು ನಿಧಾನವಾಗಿ ತಿರುಗುತ್ತದೆ. ಗ್ರಹ ವೀಕ್ಷಣೆಗೆ ಇದರಿಂದ ಬಾಧಕವಿಲ್ಲ. ದೀರ್ಘ ಛಾಯಾಚಿತ್ರದಲ್ಲಿ ಮಾತ್ರ ಅಂಚಿನ ನಕ್ಷತ್ರಗಳು ಗೆರೆಗಳಾಗುತ್ತವೆ.

ಕಣ್ಣಿನಿಂದ ನೋಡುವುದಷ್ಟೇ ಉದ್ದೇಶವಾಗಿದ್ದರೆ 15ರಿಂದ 20 ಸೆಂ.ಮೀ. ಡಾಬ್ಸೋನಿಯನ್ ಸಾಕು. ಛಾಯಾಗ್ರಹಣವೇ ಗುರಿಯಾದರೆ ಚಿಕ್ಕ ನಳಿಕೆಗೆ ದೃಢವಾದ ಈಕ್ವಟೋರಿಯಲ್ ಪೀಠವೇ ಮೇಲು. ಕಡಿಮೆ ಬೆಲೆಗೆ ದೊರೆಯುವ ಜೋಡಿಗಳಲ್ಲಿ ದೊಡ್ಡ ನಳಿಕೆಯನ್ನು ಸಪೂರ ಈಕ್ವಟೋರಿಯಲ್ ಪೀಠದ ಮೇಲೆ ಕೂರಿಸಿರುವುದುಂಟು. ಅಂಥವುಗಳಿಂದ ದೂರವಿರುವುದು ಒಳಿತು. ಗಾಳಿ ಬೀಸಿದಾಗ ಶನಿಯ ಉಂಗುರ ಕಾಣಬೇಕಾದಲ್ಲಿ ನಡುಗುವ ಬೆಳಕಿನ ಚುಕ್ಕೆಯಷ್ಟೇ ಕಂಡರೆ, ಮಕ್ಕಳ ಕುತೂಹಲ ಒಂದೇ ರಾತ್ರಿಯಲ್ಲಿ ಬತ್ತೀತು.