ಚಿತ್ರದಲ್ಲಿ ಕಾಣದ ಕಾವಲು

1800ರ ಸುಮಾರಿಗೆ ಇಂಗ್ಲೆಂಡಿನ ಚಿತ್ರಕಾರ ಜೇಮ್ಸ್ ವಾರ್ಡ್‌ಗೆ ಹೊಸ ಬಗೆಯ ಕೆಲಸವೊಂದು ಸಿಕ್ಕಿತು. ದೇಶ ಸುತ್ತಿ ಒಳ್ಳೆಯ ತಳಿಯ ದನ, ಕುರಿ, ಹಂದಿಗಳ ಚಿತ್ರ ಬರೆಯಬೇಕು. ಇದಕ್ಕೆ ಅಲ್ಲಿನ ಕೃಷಿ ಮಂಡಳಿಯ ಬೆಂಬಲವಿತ್ತು. ವಾರ್ಡ್ ಸುಮಾರು 200 ಚಿತ್ರಗಳನ್ನು ಬರೆದ. ಆದರೆ ಹಣದ ಮುಗ್ಗಟ್ಟಿನಿಂದ ಯೋಜನೆ ಅರ್ಧಕ್ಕೇ ನಿಂತಿತು. ಇಂಥ ಚಿತ್ರಗಳು ಯಾರಿಗೆ ಬೇಕಿದ್ದವು ಎಂಬುದನ್ನು ಅದೇ ಕಾಲದ ಕಲಾವಿದ ಥಾಮಸ್ ಬ್ಯೂಯಿಕ್ ಹೇಳಿದ್ದಾನೆ. ಪ್ರಾಣಿಯ ಮೈಯಲ್ಲಿ ಇಲ್ಲದ ಕೊಬ್ಬನ್ನೂ ಚಿತ್ರದಲ್ಲಿ ತೋರಿಸಬೇಕೆಂದು ಒಡೆಯರು ಕೇಳುತ್ತಿದ್ದರಂತೆ. ಬ್ಯೂಯಿಕ್ ಅದಕ್ಕೆ ಒಪ್ಪಲಿಲ್ಲ.

ಅದೇ 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ವೈದ್ಯ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಮೈಸೂರು ಸೀಮೆಗೆ ಹೊರಟ. ಟಿಪ್ಪು ಸುಲ್ತಾನ್ ಹುತಾತ್ಮನಾಗಿ ಒಂದು ವರ್ಷವಾಗಿತ್ತಷ್ಟೆ. ಮತ್ತೋಡಿಗೂ ಬಂದ ಆತ ಅಲ್ಲಿನ ಗಾಜಿನ ಬಳೆಯ ಕುಲುಮೆಗಳನ್ನು ವಿವರವಾಗಿ ಬರೆದಿಟ್ಟ. 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ನಮ್ಮ ರೈತರ ಉಪಕರಣಗಳ ಚಿತ್ರಗಳಿವೆ. ಒಬ್ಬ ಕುಂಚ ಹಿಡಿದವ, ಇನ್ನೊಬ್ಬ ಲೇಖನಿ ಹಿಡಿದವ. ಇಬ್ಬರನ್ನೂ ಕಳಿಸಿದವರ ಲೆಕ್ಕ ಮಾತ್ರ ಒಂದೇ: ನೆಲದಿಂದ ಸಿಗುವ ಲಾಭ.

ಈ ಸೀಮೆಯ ದನಕ್ಕೂ ಒಂದು ಚರಿತ್ರೆಯಿದೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರಲಿ ಸೈನ್ಯದ ಬಲವಾಗಿ ಬೆಳೆಸಿದ. ಟಿಪ್ಪು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು, ಹುಕುಂನಾಮೆ ಹೊರಡಿಸಿ ಇಲಾಖೆಯನ್ನು ನಿಯಮಬದ್ಧಗೊಳಿಸಿದ. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದವು. ಎತ್ತಿನ ಬೆಲೆ ಏನೆಂಬುದು ಕಾರ್ನ್‌ವಾಲಿಸನಿಗೆ 1791ರಲ್ಲಿ ಗೊತ್ತಾಯಿತು. ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ ಅವನ ಸೈನ್ಯದ ಎತ್ತುಗಳು ಮೇವಿಲ್ಲದೆ ಸತ್ತವು. ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಅವನು ಹಿಂದಿರುಗಬೇಕಾಯಿತು.

ಮುಂದೆ ಅಮೃತ ಮಹಲ್ ಬ್ರಿಟಿಷರ ಕೈಸೇರಿತು. 1860ರಲ್ಲಿ ಖರ್ಚು ಉಳಿಸಲು ಅವರು ಮಂದೆಯನ್ನು ಚದುರಿಸಿದರು. ಎತ್ತುಗಳ ಕೊರತೆ ಕಂಡು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಹೊಸದುರ್ಗಕ್ಕೆ ಹತ್ತಿರದ ಅಜ್ಜಂಪುರದಲ್ಲಿ ಈ ತಳಿಯ ಸರ್ಕಾರಿ ಕೇಂದ್ರ ಈಗಲೂ ಇದೆ. ಆದರೆ ಇದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಕುರಿಗಾಹಿಗಳು, ಕಂಬಳಿ ನೇಕಾರರು ಪ್ರತಿಭಟಿಸಿದರು. 2013ರ ಹೊತ್ತಿಗೆ ಪ್ರಕರಣ ಹಸಿರು ನ್ಯಾಯಮಂಡಳಿಯಲ್ಲಿತ್ತು.

ತಳಿಯನ್ನು ಉಳಿಸಿ ಹುಲ್ಲನ್ನು ಕಳೆದುಕೊಂಡರೆ ಏನು ಸಾಧಿಸಿದಂತಾಯಿತು? ದನ ಚಿತ್ರದ ಚೌಕಟ್ಟಿನೊಳಗೆ ನಿಲ್ಲುತ್ತದೆ. ಅದು ಮೇಯುವ ಕಾವಲು, ಅದನ್ನು ಮೇಯಿಸುವ ಮನುಷ್ಯ ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ಪರಂಪರೆಯ ಹೆಸರಿನಲ್ಲಿ ನಾವು ಕಾಪಾಡಬೇಕಾದದ್ದು ಮೊದಲು ಅವರನ್ನು.