ಖಾರ್ಟೂಮಿನ ಸೇನಾನಿಯೂ ಕಾರ್ಡಿನಲ್ ನ್ಯೂಮನ್ನರ ಪುಸ್ತಕವೂ

ನವೆಂಬರ್ ತಿಂಗಳು ಬಂತೆಂದರೆ ನಾವು ಸಮಾಧಿಗಳ ಬಳಿ ಮೇಣದ ಬತ್ತಿ ಹಚ್ಚಿ, ಅಗಲಿದ ನಮ್ಮವರಿಗಾಗಿ ಪ್ರಾರ್ಥಿಸುತ್ತೇವೆ. ಸಾಯುವವನಿಗೆ ಗೆಳೆಯರ ಪ್ರಾರ್ಥನೆ ಎಷ್ಟು ಬೇಕು ಎಂಬುದನ್ನು ಕಥೋಲಿಕರಲ್ಲದ ಒಬ್ಬ ಸೇನಾಧಿಕಾರಿ ಪೆನ್ಸಿಲಿನ ಗೆರೆಗಳಲ್ಲಿ ಬಿಟ್ಟುಹೋಗಿದ್ದಾರೆ. ಅವರೇ ಜನರಲ್ ಚಾರ್ಲ್ಸ್ ಗೋರ್ಡನ್.

1833ರಲ್ಲಿ ಇಂಗ್ಲೆಂಡಿನ ವುಲ್ವಿಚ್‌ನಲ್ಲಿ ಹುಟ್ಟಿದ ಗೋರ್ಡನ್, 1852ರಲ್ಲಿ ಬ್ರಿಟಿಷ್ ಸೇನೆಯ ಇಂಜಿನಿಯರ್ ದಳ ಸೇರಿದರು. ಕ್ರಿಮಿಯಾ ಯುದ್ಧದ ಕಂದಕಗಳಲ್ಲಿ ದುಡಿದರು, ಚೀನಾದಲ್ಲಿ ತೈಪಿಂಗ್ ದಂಗೆಯ ವಿರುದ್ಧ ಸೇನೆ ನಡೆಸಿ ಹೆಸರಾದರು. ನಮಗೆ ಅದಕ್ಕಿಂತ ಹೆಚ್ಚು ಪ್ರಿಯವಾಗುವುದು ಗ್ರೇವ್ಸೆಂಡಿನ ವರ್ಷಗಳು. 1865ರಿಂದ 1871ರವರೆಗೆ ಅಲ್ಲಿ ಥೇಮ್ಸ್ ನದಿಯ ಕೋಟೆಗಳ ಕಾಮಗಾರಿ ಅವರ ಕೆಲಸ. ಕೆಲಸ ಮುಗಿದ ಮೇಲೆ ಬೀದಿಯ ಬಡ ಹುಡುಗರನ್ನು ಮನೆಗೆ ಕರೆತಂದು ಊಟ ಹಾಕಿ, ಅಕ್ಷರ ಕಲಿಸಿ, ಹಡಗುಗಳಲ್ಲಿ ಕೆಲಸ ಕೊಡಿಸುತ್ತಿದ್ದರು.

ನಮ್ಮ ದೇಶಕ್ಕೂ ಬಂದಿದ್ದರು. 1880ರಲ್ಲಿ ವೈಸ್‌ರಾಯ್ ಆಗಿ ಬಂದ ಲಾರ್ಡ್ ರಿಪ್ಪನ್ ಕಥೋಲಿಕ ಸಭೆಗೆ ಸೇರಿದ್ದವರು. ಅವರ ಆಪ್ತ ಕಾರ್ಯದರ್ಶಿಯಾಗಿ ಬಂದ ಗೋರ್ಡನ್, ಮುಂಬಯಿಗೆ ಇಳಿದ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಕಚೇರಿಯ ಕುರ್ಚಿ ಅವರಿಗೆ ಒಗ್ಗುವಂಥದ್ದಲ್ಲ! 1883ರಲ್ಲಿ ಪವಿತ್ರ ನಾಡಿಗೆ ಹೋಗಿ, ಜೆರುಸಲೇಮಿನ ಗೋಡೆಯ ಹೊರಗಿನ ಒಂದು ಗುಡ್ಡವೇ ಕಪಾಲಸ್ಥಳವೆಂದು ವಾದಿಸಿದರು. ಅನಾದಿಯಿಂದ ಪವಿತ್ರ ಸಮಾಧಿಯ ದೇವಾಲಯವನ್ನೇ ಗೌರವಿಸುತ್ತಾ ಬಂದ ನಾವು ಅದನ್ನು ಒಪ್ಪಲಾರೆವು.

ಆಗ ಸುಡಾನ್ ಈಜಿಪ್ಟಿನ ಆಳ್ವಿಕೆಯಲ್ಲಿತ್ತು. ಮಹಮ್ಮದ್ ಅಹ್ಮದ್ ತಾನೇ ಮಹದಿ ಎಂದು ಸಾರಿ ದಂಗೆಯೆದ್ದಿದ್ದ. ಅಲ್ಲಿರುವ ಈಜಿಪ್ಟಿನ ಸೈನಿಕರನ್ನೂ ಅವರ ಕುಟುಂಬಗಳನ್ನೂ ಹೊರತರಲು ಬ್ರಿಟಿಷ್ ಸರ್ಕಾರ ಗೋರ್ಡನ್ನರನ್ನು ಕಳುಹಿಸಿತು. 1884ರ ಫೆಬ್ರವರಿ 18ರಂದು ಅವರು ರಾಜಧಾನಿ ಖಾರ್ಟೂಮ್ ತಲುಪಿದರು. ಅಂದೇ, ಅಲ್ಲಿದ್ದ ಐರ್ಲೆಂಡಿನ ಯುವ ಪತ್ರಕರ್ತ ಫ್ರಾಂಕ್ ಪವರ್ ಕೈಗೆ ಒಂದು ಸಣ್ಣ ಪುಸ್ತಕ ಕೊಟ್ಟರು. ಅದು ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್ನರು 1865ರಲ್ಲಿ ಬರೆದ 'ಜೆರಾಂಷಿಯಸನ ಕನಸು' ಎಂಬ ದೀರ್ಘ ಕವಿತೆ. ಪ್ರಾಣ ಬಿಡುತ್ತಿರುವ ಮುದುಕನೊಬ್ಬ, ಹಾಸಿಗೆಯ ಸುತ್ತ ಪ್ರಾರ್ಥಿಸುವ ಸ್ನೇಹಿತರು, ಆತ್ಮವನ್ನು ಕರೆದೊಯ್ಯುವ ದೂತ, ಶುದ್ಧೀಕರಣ ಸ್ಥಳ, ಇವೇ ಅದರ ವಸ್ತು. ಪ್ರೊಟೆಸ್ಟೆಂಟರಾದ ಗೋರ್ಡನ್ ಅದರಲ್ಲಿ ಮರಣದ ಬಗ್ಗೆ, ದೇವರ ಬಗ್ಗೆ, ಪ್ರಾರ್ಥನೆಯ ಕೋರಿಕೆಯ ಬಗ್ಗೆ ಇರುವ ಸಾಲುಗಳ ಕೆಳಗೆ ಗೆರೆ ಎಳೆದಿದ್ದರು. ಅಂದರೆ ಮುತ್ತಿಗೆ ಬೀಳುವ ಮೊದಲೇ ಅವರ ಮನಸ್ಸು ಸಿದ್ಧವಾಗುತ್ತಿತ್ತು.

ಮೊದಲು ಹೆಂಗಸರು, ಮಕ್ಕಳು, ರೋಗಿಗಳನ್ನು ನೈಲ್ ನದಿಯ ದಾರಿಯಾಗಿ ಸಾಗಹಾಕಿದರು. ಮಾರ್ಚಿಯಲ್ಲಿ ತಂತಿ ಸಂಪರ್ಕ ಕಡಿದುಹೋಯಿತು, ನಗರ ಮುತ್ತಿಗೆಗೆ ಸಿಕ್ಕಿತು. ಹಳೆಯ ಇಂಜಿನಿಯರ್ ವಿದ್ಯೆ ಆಗ ಕೆಲಸಕ್ಕೆ ಬಂತು. ಎರಡು ನೈಲ್ ನದಿಗಳ ನಡುವಿನ ಕಂದಕವನ್ನು ಭದ್ರಪಡಿಸಿದರು, ನೆಲದೊಳಗೆ ಸಿಡಿಮದ್ದು ಹುಗಿದರು, ಹಬೆದೋಣಿಗಳಿಗೆ ರಕ್ಷಣಾ ಹೊದಿಕೆ ಹಾಕಿಸಿದರು, ಹಣ ಮುಗಿದಾಗ ತಮ್ಮ ಸಹಿಯ ಕಾಗದದ ನೋಟು ಹೊರಡಿಸಿದರು. ಇನ್ನೊಂದು ಮಾತನ್ನೂ ಹೇಳಬೇಕು. ಹಿಂದೆ ಇದೇ ಸುಡಾನಿನಲ್ಲಿ ಗುಲಾಮರ ವ್ಯಾಪಾರವನ್ನು ಹತ್ತಿಕ್ಕಿದ್ದವರು, ಈಗ ಜನರ ಬೆಂಬಲಕ್ಕಾಗಿ ಗುಲಾಮರನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲವೆಂದು ಸಾರಿದರು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನಮಗೆ ಸರಿಯೆನಿಸದು.

ಅವರೊಬ್ಬರೇ ತಪ್ಪಿಸಿಕೊಂಡು ಹೋಗಬಹುದಿತ್ತು. ತಮ್ಮನ್ನು ನಂಬಿದ ನಗರದ ಜನರನ್ನು ಬಿಟ್ಟು ಹೊರಡಲು ಅವರು ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಹಬೆದೋಣಿಯಲ್ಲಿ ಹೊರಟ ಫ್ರಾಂಕ್ ಪವರ್ ದಾರಿಯಲ್ಲೇ ಕೊಲೆಯಾದರು. ಲಂಡನ್ನಿನ ಸರ್ಕಾರ ಸಹಾಯದ ಸೇನೆ ಕಳುಹಿಸಲು ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿತು. ಜನವರಿಯಲ್ಲಿ ನದಿಯ ನೀರು ಇಳಿದು ಕಂದಕದ ತುದಿಯಲ್ಲಿ ದಾರಿ ತೆರೆಯಿತು. 1885ರ ಜನವರಿ 26ರ ಬೆಳಗಿನ ಜಾವ ಮಹದಿಯ ಪಡೆ ಒಳನುಗ್ಗಿತು, ಗೋರ್ಡನ್ ಹತರಾದರು. ಸಹಾಯದ ದೋಣಿಗಳು ಬಂದದ್ದು 28ರಂದು, ಅವರ ಐವತ್ತೆರಡನೆಯ ಹುಟ್ಟುಹಬ್ಬದ ದಿನ. ಅವರ ದೇಹವೂ ಸಿಗಲಿಲ್ಲ, ಸಮಾಧಿಯೂ ಇಲ್ಲ.

ಆದರೆ ಪುಸ್ತಕ ಉಳಿದಿತ್ತು. ಪವರ್ ಅದನ್ನು ಮೊದಲೇ ತಮ್ಮ ಸಹೋದರಿಗೆ ಕಳುಹಿಸಿದ್ದರು. ಆಕೆಯಿಂದ ಅದು ವೃದ್ಧ ನ್ಯೂಮನ್ನರ ಕಣ್ಣಿಗೆ ಬಿದ್ದಾಗ ಅವರ ಮನಸ್ಸು ಕರಗಿತು. 2019ರಲ್ಲಿ ಧರ್ಮಸಭೆ ಸಂತರೆಂದು ಸಾರಿದ್ದು ಇದೇ ನ್ಯೂಮನ್ನರನ್ನು. ಗೋರ್ಡನ್ನರ ಗೆರೆಗಳನ್ನು ನಕಲು ಮಾಡಿದ ಪ್ರತಿಗಳು ಕಥೋಲಿಕರ ಕೈಯಿಂದ ಕೈಗೆ ಹೋದವು. ಅಂಥದೊಂದು ಪ್ರತಿ ಸಂಗೀತಗಾರ ಎಡ್ವರ್ಡ್ ಎಲ್ಗರ್ ಅವರಿಗೆ 1889ರಲ್ಲಿ ಮದುವೆಯ ಉಡುಗೊರೆಯಾಗಿ ಬಂತು. ಅವರು ಆ ಕವಿತೆಗೆ ಸಂಗೀತ ಕಟ್ಟಿದರು. 1900ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅದನ್ನು ಮೊದಲ ಬಾರಿಗೆ ಹಾಡಿದರು.