ಸಾವೊ ಪಾವ್ಲೊ ನಗರದ ಭೋಜನಶಾಲೆಗಳು

ಒಂದು ನಗರದ ಚರಿತ್ರೆಯನ್ನು ತಿಳಿಯಬೇಕೆಂದು ಹೊರಟವರು ಅದರ ಅರಮನೆಗಳನ್ನೂ ದೇವಾಲಯಗಳನ್ನೂ ಸಭಾಮಂದಿರಗಳನ್ನೂ ನೋಡುವುದು ವಾಡಿಕೆ. ಆದರೆ ಆ ನಗರದ ಜನರು ಮನೆಯನ್ನು ಬಿಟ್ಟು ಬಂದು ಎಲ್ಲಿ ಕುಳಿತು ಯಾರ ಕೈಯ ಅಡಿಗೆಯನ್ನು ಉಣ್ಣುವರೆಂಬುದೂ ಒಂದು ಶಾಸನವೇ ಸರಿ. ಕಲ್ಲಿನ ಶಾಸನವು ದಾನಕೊಟ್ಟವನ ಹೆಸರನ್ನು ಸಾರಿ ಹೇಳಿ, ಕಲ್ಲನ್ನು ಹೊತ್ತು ತಂದವರ ಹೆಸರನ್ನು ಹೇಳದೆ ಬಿಡುವಂತೆ, ಈ ಶಾಸನವೂ ಕೆಲವರನ್ನು ಮೆರೆಯಿಸಿ ಕೆಲವರನ್ನು ಮರೆಯಿಸುತ್ತದೆ. ಬ್ರೆಜಿಲ್ ದೇಶದ ಅತಿ ದೊಡ್ಡ ನಗರವಾದ ಸಾವೊ ಪಾವ್ಲೊವಿನ ಭೋಜನಶಾಲೆಗಳ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

೧೫೫೪ನೆಯ ಇಸವಿ ಜನವರಿ ೨೫ರಂದು ಜೆಸ್ಯುಯಿಟ್ ಪಾದ್ರಿಗಳು ಪಿರಾಚಿನಿಂಗಾ ಎಂಬ ಪ್ರಸ್ಥಭೂಮಿಯ ಮೇಲೆ ಒಂದು ಮಠವನ್ನೂ ಪಾಠಶಾಲೆಯನ್ನೂ ಸ್ಥಾಪಿಸಿದರು. ಅದೇ ಈ ನಗರದ ಮೂಲ. ಸಮುದ್ರತೀರದ ಸಾಂತೋಸ್ ಬಂದರಿಗೂ ಈ ಊರಿಗೂ ನಡುವೆ ಕಡಿದಾದ ಬೆಟ್ಟದ ಸಾಲು ಅಡ್ಡವಾಗಿದ್ದುದರಿಂದ, ಸುಮಾರು ಮುನ್ನೂರು ವರ್ಷಗಳ ಕಾಲ ಇದು ಹೇಸರಗತ್ತೆಗಳ ಸಾಲುಗಳು ಬಂದು ತಂಗುವ ಸಾಧಾರಣವಾದ ಊರಾಗಿಯೇ ಉಳಿಯಿತು. ೧೮೧೯ರಲ್ಲಿ ಇಲ್ಲಿಗೆ ಬಂದ ಫ್ರಾನ್ಸ್ ದೇಶದ ಸಸ್ಯಶಾಸ್ತ್ರಜ್ಞನಾದ ಒಗುಸ್ತ್ ದ ಸೆಂತ್ ಇಲೇರನು, ಬೆಶಿಗಾ ಎಂಬ ಅಡ್ಡಹೆಸರಿನವನೊಬ್ಬನ ಪ್ರಯಾಣಿಕರ ವಸತಿಯಲ್ಲಿ ಇಳಿದುಕೊಂಡನು. ಆ ವಸತಿಯು ಅವನಿಗೆ ಸುಖವನ್ನುಂಟುಮಾಡಲಿಲ್ಲ. ಆದರೆ ಆ ವಸತಿಯವನ ಹೆಸರಿನಿಂದಲೇ ನಗರದ ಬಿಶಿಗಾ ಎಂಬ ಕೇರಿಗೆ ಹೆಸರು ಬಂದಿತೆಂದು ಒಂದು ಅಭಿಪ್ರಾಯವುಂಟು. ಈ ಕೇರಿಯ ಪ್ರಸ್ತಾಪವು ಮುಂದೆ ಮತ್ತೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡತಕ್ಕುದು.

ಭೋಜನಶಾಲೆಗಳೆಂಬುವು ಇಲ್ಲದ ಆ ಕಾಲದಲ್ಲಿ ಬೀದಿಯ ಜನರಿಗೆ ಅನ್ನವಿಟ್ಟವರು ಯಾರು? ಆಫ್ರಿಕಾ ಖಂಡದಿಂದ ದಾಸ್ಯಕ್ಕೆ ತರಲ್ಪಟ್ಟವರ ವಂಶದ ಸ್ತ್ರೀಯರು. ಇವರನ್ನು ಕಿತಾಂದೇರಾ ಎಂದು ಕರೆಯುತ್ತಿದ್ದರು. ಕಿತಾಂದಾ ಎಂಬ ಶಬ್ದವು ಪೋರ್ಚುಗೀಸು ಭಾಷೆಯದಲ್ಲ. ಅಂಗೋಲಾ ದೇಶದ ಕಿಂಬುಂದು ಭಾಷೆಯಿಂದ ಬಂದುದು, ಸಂತೆ ಎಂಬರ್ಥವುಳ್ಳದ್ದು. ತಲೆಯ ಮೇಲೆ ತಟ್ಟೆಯನ್ನು ಹೊತ್ತು ಬೀದಿಯ ಮೂಲೆಗಳಲ್ಲಿ ಕುಳಿತು, ಇವರು ಬೇಯಿಸಿದ ಪೈನ್ ಮರದ ಬೀಜ, ಕಡಲೆಕಾಯಿಯ ಮಿಠಾಯಿ, ಮೆಕ್ಕೆಜೋಳದ ಹಿಟ್ಟಿನ ಕಡುಬು, ಮಳೆ ಬಿದ್ದೊಡನೆ ಹೊರಡುವ ರೆಕ್ಕೆಯಿರುವೆಗಳ ಹುರಿಗಾಳು ಮೊದಲಾದುವನ್ನು ಮಾರುತ್ತಿದ್ದರು. ಇವರಲ್ಲಿ ಅನೇಕರು ದಿನದ ಗಳಿಕೆಯಲ್ಲಿ ಗೊತ್ತಾದ ಮೊತ್ತವನ್ನು ಒಡೆಯನಿಗೆ ಒಪ್ಪಿಸಿ, ಉಳಿದ ಬಿಡಿಗಾಸನ್ನು ಕೂಡಿಟ್ಟು, ತಮ್ಮ ಸ್ವಾತಂತ್ರ್ಯವನ್ನು ತಾವೇ ಕ್ರಯಕ್ಕೆ ಪಡೆಯಬೇಕಾಗಿದ್ದಿತು. ತನ್ನ ದೇಹವನ್ನು ತಾನೇ ಕೊಂಡುಕೊಳ್ಳುವುದಕ್ಕಾಗಿ ಕಡುಬು ಮಾರಿದವರ ಸಂಗತಿಯು ಭೋಜನಚರಿತ್ರೆಯ ಮೊದಲನೆಯ ಪುಟದಲ್ಲಿಯೇ ಇರತಕ್ಕುದಾಗಿದೆ. ನಗರದ ಮಧ್ಯಭಾಗದಲ್ಲಿ ಈಗಲೂ ಕಿತಾಂದಾ ಬೀದಿ ಎಂಬ ಹೆಸರಿನ ಬೀದಿಯೊಂದಿದೆ. ಶಬ್ದವು ಉಳಿಯಿತು, ಆ ಸ್ತ್ರೀಯರ ಹೆಸರುಗಳು ಬಹುಮಟ್ಟಿಗೆ ಅಳಿದುಹೋದುವು.

ಊರಿಗೆ ಹೊರಗಿನ ಜನರನ್ನು ತಂದ ಮೊದಲನೆಯ ಕಾರಣವು ವಿದ್ಯೆ. ೧೮೨೭ನೆಯ ಆಗಸ್ಟ್ ೧೧ರ ರಾಜಶಾಸನದಿಂದ ಇಲ್ಲಿ ನ್ಯಾಯಶಾಸ್ತ್ರದ ವಿದ್ಯಾಲಯವು ಏರ್ಪಟ್ಟು, ಮರುವರ್ಷ ಸಂತ ಫ್ರಾನ್ಸಿಸನ ಮಠದಲ್ಲಿ ಪಾಠಗಳು ಆರಂಭವಾದುವು. ದೂರದ ಪ್ರಾಂತಗಳಿಂದ ಬಂದ ತರುಣರಿಗೆ ಮನೆಯ ಅಡಿಗೆ ಎಲ್ಲಿಯದು? ಅವರಿಗಾಗಿ ಊಟದ ಮನೆಗಳೂ ಕಾಫಿಯ ಅಂಗಡಿಗಳೂ ಬೆಳೆದುವು. ಇವರಿಂದ ಒಂದು ವಿನೋದದ ಸಂಪ್ರದಾಯವೂ ಹುಟ್ಟಿತು. ಪ್ರತಿ ವರ್ಷ ಆಗಸ್ಟ್ ೧೧ರಂದು ಈ ವಿದ್ಯಾರ್ಥಿಗಳು ಭೋಜನಶಾಲೆಗೆ ಹೋಗಿ, ಚೆನ್ನಾಗಿ ಉಂಡು, ಹಣವನ್ನು ಕೊಡದೆ ಎದ್ದುಬರುವರು. ಇದಕ್ಕೆ ಪೆಂದೂರಾ, ಎಂದರೆ ಲೆಕ್ಕವನ್ನು ಗೂಟಕ್ಕೆ ತೂಗಹಾಕುವುದು, ಎಂದು ಹೆಸರು. ಮೊದಲು ಅಂಗಡಿಯವರೇ ವಿದ್ಯಾರ್ಥಿಗಳನ್ನು ಪ್ರೀತಿಯಿಂದ ಕರೆದು ಉಣಬಡಿಸುತ್ತಿದ್ದರೆಂದೂ, ಕ್ರಮೇಣ ಕರೆಯದೆಯೇ ಹೋಗುವ ಪದ್ಧತಿ ಬಂದಿತೆಂದೂ ಹೇಳುವರು. ಭಾವೀ ನ್ಯಾಯವಾದಿಗಳ ಈ ಆಟವು ಎಷ್ಟೋ ಸಲ ಪೋಲೀಸರ ಠಾಣೆಯಲ್ಲಿ ಮುಗಿದುದೂ ಉಂಟು.

ಎರಡನೆಯ ಕಾರಣವು ಕಾಫಿ. ೧೮೬೭ರಲ್ಲಿ ಸಾಂತೋಸ್ ಬಂದರಿನಿಂದ ಬೆಟ್ಟವನ್ನೇರಿ ಬರುವ ರೈಲುಮಾರ್ಗವು ತೆರೆಯಲ್ಪಟ್ಟಿತು. ೧೮೮೮ನೆಯ ಮೇ ೧೩ರಂದು ದಾಸ್ಯಪದ್ಧತಿಯು ರದ್ದಾಯಿತು. ಅಮೆರಿಕಾ ಖಂಡಗಳಲ್ಲಿ ಈ ಕೆಲಸವನ್ನು ಎಲ್ಲರಿಗಿಂತ ಕಡೆಗೆ ಮಾಡಿದ ದೇಶವು ಬ್ರೆಜಿಲ್. ಬಿಡುಗಡೆ ಹೊಂದಿದವರಿಗೆ ಭೂಮಿಯನ್ನಾಗಲಿ ಪರಿಹಾರವನ್ನಾಗಲಿ ಕೊಡಲಿಲ್ಲ. ತೋಟಗಳ ಕೆಲಸಕ್ಕೆ ಯೂರೋಪಿನಿಂದ, ಮುಖ್ಯವಾಗಿ ಇಟಲಿಯಿಂದ, ಸರಕಾರದ ಖರ್ಚಿನಲ್ಲಿ ಕುಟುಂಬಗಳನ್ನು ಕರೆಯಿಸಿದರು. ಬ್ರಾಸ್ ಎಂಬ ಕೇರಿಯಲ್ಲಿ ಇವರಿಗಾಗಿ ಕಟ್ಟಿದ ದೊಡ್ಡ ಛತ್ರದಲ್ಲಿ, ೧೯೭೮ರಲ್ಲಿ ಅದು ಮುಚ್ಚುವವರೆಗೆ, ಸುಮಾರು ೨೫ ಲಕ್ಷ ಜನರು ತಂಗಿ ಹೋದರು. ಇದರ ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ. ೧೮೭೨ರ ಗಣತಿಯಲ್ಲಿ ನಗರದ ಜನಸಂಖ್ಯೆ ೩೧,೩೮೫, ೧೯೦೦ರಲ್ಲಿ ೨,೩೯,೮೨೦, ೧೯೨೦ರಲ್ಲಿ ೫,೭೯,೦೩೩. ೨೦೨೨ರ ಗಣತಿಯ ವೇಳೆಗೆ ಒಂದು ಕೋಟಿ ಹದಿನಾಲ್ಕು ಲಕ್ಷವನ್ನು ಮೀರಿದ್ದಿತು.

ತೋಟಗಳಲ್ಲಿ ಇಟಲಿಯವರ ಬಾಳು ಸುಖವಾಗಿರಲಿಲ್ಲ. ಅಲ್ಲಿಯ ದುರವಸ್ಥೆಯ ವರದಿಗಳನ್ನು ಕಂಡು ಇಟಲಿಯ ಸರಕಾರವು ೧೯೦೨ರಲ್ಲಿ, ಪರರ ಖರ್ಚಿನಿಂದ ಬ್ರೆಜಿಲಿಗೆ ಹೋಗುವುದನ್ನು ನಿಷೇಧಿಸಿತು. ತೋಟವನ್ನು ಬಿಟ್ಟವರು ನಗರವನ್ನು ಸೇರಿ, ಬ್ರಾಸ್, ಬಿಶಿಗಾ ಮೊದಲಾದ ಅಗ್ಗದ ಕೇರಿಗಳಲ್ಲಿ ನೆಲೆಸಿದರು. ಕಾರ್ಖಾನೆಯ ಕೂಲಿಯು ಸಾಲದೆ ಬಂದಾಗ ಮನೆಯ ಮುಂಗೋಣೆಯಲ್ಲಿ ನಾಲ್ಕು ಮೇಜುಗಳನ್ನು ಹಾಕಿ, ತಮ್ಮ ಊರಿನ ಅಡಿಗೆಯನ್ನು ತಮ್ಮ ಊರಿನವರಿಗೇ ಬಡಿಸಿದರು. ಇವುಗಳಿಗೆ ಕಾಂತೀನಾ ಎಂದು ಹೆಸರಾಯಿತು. ಇಟಲಿಯ ಭಾಷೆಯಲ್ಲಿ ಈ ಶಬ್ದಕ್ಕೆ ನೆಲಮಾಳಿಗೆಯೆಂದು ಅರ್ಥ. ಇದೇ ಶಬ್ದವು ಫ್ರೆಂಚು ಇಂಗ್ಲಿಷುಗಳ ಮೂಲಕ ಪರ್ಯಟನ ಮಾಡಿ ಕನ್ನಡಿಗರ ಬಾಯಲ್ಲಿ ಕ್ಯಾಂಟೀನು ಎಂದಾಗಿದೆ.

ನೇಪಲ್ಸಿನ ಬಡವರ ತಿಂಡಿಯಾದ ಪಿಜ್ಜಾ ಎಂಬ ರೊಟ್ಟಿಯೂ ಹೀಗೆಯೇ ಇಲ್ಲಿಗೆ ಬಂದಿತು. ಬ್ರಾಸ್ ಕೇರಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕಾಸ್ತೆಲೋಯ್ಸ್ ಎಂಬ ಅಂಗಡಿಯು ಇವುಗಳಲ್ಲಿ ಪ್ರಸಿದ್ಧವಾದುದು. ಕಾಲಕ್ರಮದಲ್ಲಿ ಭಾನುವಾರದ ರಾತ್ರಿ ಸಂಸಾರಸಮೇತರಾಗಿ ಹೋಗಿ ಪಿಜ್ಜಾ ತಿನ್ನುವುದು, ಇಟಲಿಯನ್ನೇ ಕಾಣದ ಕುಟುಂಬಗಳಿಗೂ ವ್ರತದಂತಾಯಿತು. ೧೯೮೫ರಿಂದ ಜುಲೈ ೧೦ನೆಯ ದಿನವನ್ನು ಅದರ ಹೆಸರಿನ ಉತ್ಸವದಿನವಾಗಿ ಆಚರಿಸುತ್ತಾರೆ. ೧೯೨೨ರಲ್ಲಿ ಪಾಯಿಸಾಂದು ಚೌಕದಲ್ಲಿ ಪೋಂತು ಶಿಕ್ ಎಂಬ ಇನ್ನೊಂದು ಅಂಗಡಿ ತೆರೆಯಿತು. ೧೯೩೦ರ ದಶಕದಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಯಾದ ಕಾಸಿಮಿರೊ ಪಿಂತೊ ನೆತೊ ಎಂಬಾತನು ಅಲ್ಲಿಗೆ ಬಂದು, ರೊಟ್ಟಿಯ ತಿರುಳನ್ನು ತೆಗೆದು ಅದರೊಳಗೆ ಹುರಿದ ಮಾಂಸ, ಕರಗಿಸಿದ ಗಿಣ್ಣು, ಟೊಮೇಟೊ ಇಟ್ಟುಕೊಡೆಂದು ಕೇಳಿದನಂತೆ. ಆತನ ಊರಾದ ಬಾವುರುವಿನ ಹೆಸರೇ ಆ ತಿಂಡಿಗೆ ನಿಂತಿತು. ಹೆಸರು ಕೇಳಿದವನ ಊರಿನದು, ಕೊಯ್ದು ಜೋಡಿಸಿಕೊಟ್ಟವನದಲ್ಲ.

ಈ ನಗರದ ಸಾಧಾರಣ ಭೋಜನಶಾಲೆಗಳಲ್ಲಿ ಇನ್ನೊಂದು ವಿಶೇಷವುಂಟು. ವಾರದ ಒಂದೊಂದು ದಿನಕ್ಕೂ ಗೊತ್ತಾದ ಒಂದೊಂದು ಊಟ. ಪಂಚಾಂಗವನ್ನು ತಟ್ಟೆಯ ಮೇಲೆ ಬರೆದಂತೆ ಕ್ರಮವು ತಪ್ಪುವುದಿಲ್ಲ. ಸೋಮವಾರ ವಿರಾದೊ. ಕಾಳನ್ನು ಹಿಟ್ಟಿನೊಡನೆ ಮಗುಚಿ, ಅನ್ನ, ಹಂದಿಯ ಮಾಂಸ, ಮೊಟ್ಟೆ, ಸೊಪ್ಪು, ಕರಿದ ಬಾಳೆಹಣ್ಣುಗಳೊಡನೆ ಬಡಿಸುವರು. ಹಿಂದೆ ಚಿನ್ನವನ್ನೂ ಸೆರೆಯಾಳುಗಳನ್ನೂ ಅರಸಿ ಕಾಡು ಹೊಕ್ಕ ಬಾಂದೇರಾಂತೆಗಳೆಂಬ ದಂಡಿನವರ ಬುತ್ತಿಯು ಪ್ರಯಾಣದಲ್ಲಿ ಕುಲುಕಿ ಮಗುಚಿ ಹೀಗಾಯಿತೆಂದು ಐತಿಹ್ಯ; ವಿರಾದೊ ಎಂದರೆ ಮಗುಚಿದುದು ಎಂದೇ ಅರ್ಥ. ೨೦೧೮ರಲ್ಲಿ ಈ ಪ್ರಾಂತದ ಸರಕಾರವು ಇದನ್ನು ಪಾರಂಪರಿಕ ಸಂಪತ್ತೆಂದು ಅಂಗೀಕರಿಸಿತು. ಮಂಗಳವಾರ ಸುರುಳಿ ಸುತ್ತಿದ ಮಾಂಸ, ಬುಧವಾರ ಮತ್ತು ಶನಿವಾರ ಫೆಜೊಆದಾ, ಗುರುವಾರ ಇಟಲಿಯ ಶಾವಿಗೆ, ಕ್ರೈಸ್ತರು ಮಾಂಸವರ್ಜನ ಮಾಡುವ ಶುಕ್ರವಾರ ಮೀನು. ಆರು ದಿನಗಳ ಊಟದಲ್ಲಿ ಆ ನಗರದ ಜನಾಂಗಗಳೆಲ್ಲವೂ ಒಂದಾದ ಮೇಲೊಂದರಂತೆ ಬಂದು ನಿಲ್ಲುತ್ತವೆ.

ಇವುಗಳಲ್ಲಿ ಫೆಜೊಆದಾ ಕುರಿತು ಒಂದು ವಾದವಿದೆ. ಕಪ್ಪು ಕಾಳನ್ನು ಹಂದಿಯ ಕಿವಿ, ಕಾಲು, ಬಾಲಗಳೊಡನೆ ಬೇಯಿಸಿದ ಈ ಪದಾರ್ಥವನ್ನು, ಒಡೆಯನು ಎಸೆದ ಚೂರುಗಳಿಂದ ದಾಸರು ಕಂಡುಹಿಡಿದರೆಂದು ಜನರು ಹೇಳುವರು. ಬ್ರೆಜಿಲಿನ ವಿದ್ವಾಂಸನಾದ ಲೂಯಿಸ್ ದ ಕಾಮರ ಕಾಸ್ಕುದೊ ೧೯೬೭ರಲ್ಲಿ ಪ್ರಕಟವಾಗತೊಡಗಿದ ತನ್ನ ಆಹಾರಚರಿತ್ರೆಯ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ಕಾಳನ್ನೂ ಮಾಂಸವನ್ನೂ ಕೂಡಿಸಿ ಬೇಯಿಸುವ ಪದ್ಧತಿ ಯೂರೋಪಿನ ಅನೇಕ ದೇಶಗಳಲ್ಲಿ ಮೊದಲೇ ಇದ್ದಿತು. ಹಂದಿಯ ಕಿವಿ ಕಾಲುಗಳನ್ನು ಅಲ್ಲಿಯವರು ಎಸೆಯದೆ ರುಚಿಯೆಂದು ತಿನ್ನುತ್ತಿದ್ದರು. ಈ ಆಕ್ಷೇಪವು ಯುಕ್ತವಾದುದೇ. ಆದರೆ ಪದ್ಧತಿಯು ಯಾರದೆಂದು ನಿರ್ಣಯಿಸಿದ ಮಾತ್ರಕ್ಕೆ ಪದಾರ್ಥವು ಯಾರದೆಂದು ನಿರ್ಣಯವಾಗದು. ಕಾಳು ಅಮೆರಿಕಾದ ಮೂಲನಿವಾಸಿಗಳ ಬೆಳೆ. ಮೇಲೆ ಉದುರಿಸುವ ಹಿಟ್ಟು ಅವರದೇ ಮರಗೆಣಸಿನದು. ಪೋರ್ಚುಗೀಸರ ಹಡಗುಗಳಲ್ಲಿ ಸಮುದ್ರವನ್ನು ದಾಟಿ ದೂರದೇಶಗಳನ್ನು ಸೇರಿದ ಗೆಡ್ಡೆ ಇದು. ಸಬ್ಬಕ್ಕಿಯನ್ನು ಇದರಿಂದಲೇ ಮಾಡುವರು. ಹಂದಿ ಪೋರ್ಚುಗಲಿನಿಂದ ಬಂದುದು. ಮುನ್ನೂರು ವರ್ಷ ಒಲೆಯ ಮುಂದೆ ನಿಂತು ಬೇಯಿಸಿದ ಕೈಗಳಾದರೋ ಬಹುತರ ಆಫ್ರಿಕಾದವು. ದಂತಕಥೆಯು ಸುಳ್ಳಾದರೂ ಅದು ಕೈತೋರಿಸಿದ ಜನರು ಸುಳ್ಳಲ್ಲ.

ಇಟಲಿಯವರ ತರುವಾಯ ಬೇರೆಯವರು ಬಂದರು. ೧೯೦೮ನೆಯ ಜೂನ್ ೧೮ರಂದು ಕಸಾತೊ ಮಾರು ಎಂಬ ಹಡಗು ೭೮೧ ಮಂದಿ ಜಪಾನೀಯರನ್ನು ಸಾಂತೋಸಿನಲ್ಲಿ ಇಳಿಸಿತು. ಅವರಲ್ಲಿಯೂ ಅನೇಕರು ತೋಟವನ್ನು ಬಿಟ್ಟು ನಗರದ ಲಿಬೆರ್ದಾದೆ ಕೇರಿಯ ನೆಲಮನೆಗಳನ್ನು ಸೇರಿದರು. ಲಿಬೆರ್ದಾದೆ ಎಂದರೆ ಸ್ವಾತಂತ್ರ್ಯ; ಆದರೆ ಹಿಂದೆ ಅಲ್ಲಿಯೇ ಗಲ್ಲುಗಂಬವಿದ್ದಿತು. ೧೯೪೨ರಲ್ಲಿ ಬ್ರೆಜಿಲ್ ಯುದ್ಧಕ್ಕೆ ಸೇರಿದಾಗ ಜಪಾನೀಯರನ್ನು ಅಲ್ಲಿಯ ಬೀದಿಗಳಿಂದ ಹೊರಡಿಸಿದರು. ಯುದ್ಧಾನಂತರ ಅವರು ಮತ್ತೆ ಬಂದು, ತಮ್ಮವರಿಗಾಗಿ ಅಡಿಗೆಯ ಮನೆಗಳನ್ನು ತೆರೆದರು. ಹಸಿಯ ಮೀನೆಂದು ಮೂಗು ಮುರಿದ ನಗರವೇ ಮುಂದೆ ಅದಕ್ಕಾಗಿ ಸಾಲುಗಟ್ಟಿ ನಿಂತಿತು. ಸಿರಿಯಾ ಲೆಬನಾನುಗಳವರ ಮಾಂಸದ ರೊಟ್ಟಿಯೂ ಹೀಗೆಯೇ ಮೂಲೆಮೂಲೆಯ ಅಂಗಡಿಗೆ ಸೇರಿತು.

ಆದರೆ ಇಟಲಿಯ ಕಾಂತೀನಾದ ಅಥವಾ ಜಪಾನಿನ ಮೀನಿನಂಗಡಿಯ ಪರದೆಯನ್ನು ಸರಿಸಿ ಅಡಿಗೆಮನೆಯನ್ನು ನೋಡಿದರೆ, ಅಲ್ಲಿ ಇಟಲಿಯವನೂ ಜಪಾನಿನವನೂ ಕಾಣುವುದು ವಿರಳ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಬ್ರೆಜಿಲಿನ ಈಶಾನ್ಯ ಪ್ರಾಂತಗಳಿಂದ, ಬರಗಾಲಕ್ಕೂ ಬಡತನಕ್ಕೂ ಸಿಕ್ಕಿದ ಲಕ್ಷಾಂತರ ಜನರು ಲಾರಿಗಳ ಹಲಗೆಗಳ ಮೇಲೆ ಕುಳಿತು ದಿನಗಟ್ಟಲೆ ಪ್ರಯಾಣಮಾಡಿ ಈ ನಗರಕ್ಕೆ ಬಂದರು. ಗೋಡೆ ಕಟ್ಟಿದವರು ಅವರು. ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿ, ನೋಡುತ್ತ ನೋಡುತ್ತ ಕಲಿತು, ಪಿಜ್ಜಾ ಸುಡುವವರೂ ಮೀನು ಕೊಯ್ಯುವವರೂ ಆದವರು ಅವರು. ಅದೇ ನಗರದಲ್ಲಿ ಅವರ ಮಾತಿನ ರೀತಿಯನ್ನು ಹಾಸ್ಯಮಾಡಿದವರೂ ಉಂಟು. ಹಲಗೆಯ ಮೇಲೆ ಒಬ್ಬರ ಹೆಸರು, ಒಲೆಯ ಮುಂದೆ ಮತ್ತೊಬ್ಬರ ಕೈ. ಕಿತಾಂದಾ ಬೀದಿಯಲ್ಲಿ ಆರಂಭವಾದ ಕಥೆಯು ಹೊಸ ವೇಷದಲ್ಲಿ ಮುಂದುವರಿಯಿತು.

ಈ ಕಥೆಗೆ ಬೇರೆ ಪರ್ಯವಸಾನವೂ ಸಾಧ್ಯವೆಂಬುದಕ್ಕೆ ಒಂದು ಉದಾಹರಣೆ ಸಾಕು. ೧೯೭೩ರಲ್ಲಿ ಪೆರ್ನಾಂಬುಕೊ ಪ್ರಾಂತದಿಂದ ಬಂದ ಜೊಸೆ ಒಲಿವೇರಾ ದ ಅಲ್ಮೇದಾ ಎಂಬಾತನು ನಗರದ ಉತ್ತರಭಾಗದ ವಿಲಾ ಮೆದೇರೋಸ್ ಎಂಬ ಕೂಲಿಕಾರರ ಕೇರಿಯಲ್ಲಿ, ತನ್ನ ಸೀಮೆಯ ಸಾಮಾನುಗಳನ್ನು ಮಾರುವ ಅಂಗಡಿಯನ್ನಿಟ್ಟನು. ದನದ ಕಾಲಿನ ಸಾರು ಅಲ್ಲಿ ಪ್ರಸಿದ್ಧವಾಗಿ, ಅದರ ಹೆಸರಾದ ಮೊಕೊತೊ ಎಂಬುದೇ ಅಂಗಡಿಗೆ ನಿಂತಿತು. ಆತನ ಮಗನಾದ ರೊದ್ರಿಗೊ ಒಲಿವೇರಾನ ಕಾಲದಲ್ಲಿ ನಗರದ ಸಿರಿವಂತರೂ ಆ ದೂರದ ಕೇರಿಗೆ ಹೋಗಿ ಸರದಿಯಲ್ಲಿ ನಿಲ್ಲತೊಡಗಿದರು. ಇಲ್ಲಿ ಹಲಗೆಯ ಹೆಸರೂ ಒಲೆಯ ಕೈಯೂ ಒಂದೇ ಸೀಮೆಯವು.

ಕಡೆಗೆ ಬಿಶಿಗಾ ಕೇರಿಯ ಮಾತು. ಇಂದು ಅದು ಇಟಲಿಯವರ ಕೇರಿಯೆಂದೇ ಪ್ರಖ್ಯಾತವಾಗಿದೆ. ಅಕಿರೊಪೀತಾ ಮಾತೆಯ ಉತ್ಸವದಲ್ಲಿ ಪ್ರತಿ ಆಗಸ್ಟ್ ತಿಂಗಳು ಬೀದಿಯಲ್ಲಿಯೇ ಶಾವಿಗೆಯನ್ನು ಬಡಿಸುವರು. ೨೦೨೨ರಲ್ಲಿ ನೆಲದೊಳಗಿನ ರೈಲುನಿಲ್ದಾಣಕ್ಕಾಗಿ ಆ ಕೇರಿಯಲ್ಲಿ ಅಗೆದಾಗ, ಸರಾಕುರಾ ಎಂಬ ತೊರೆಯ ಬಳಿ ಇದ್ದ ಕಿಲೊಂಬೊ, ಎಂದರೆ ದಾಸ್ಯದಿಂದ ತಪ್ಪಿಸಿಕೊಂಡು ಬಂದವರ ವಸತಿ, ಇದರದೆಂದು ತಿಳಿಯಲಾದ ಅವಶೇಷಗಳು ದೊರೆತುವು. ಕಾಂತೀನಾಗಳ ನೆಲದ ಕೆಳಗೆ ಅವರಿಗಿಂತ ಮೊದಲೇ ಒಲೆ ಹಚ್ಚಿದವರಿದ್ದರು. ಆ ಕೇರಿಯ ಕಪ್ಪು ಜನರು ಇದನ್ನು ತಲೆಮಾರುಗಳಿಂದ ಹೇಳುತ್ತಲೇ ಇದ್ದರು. ಕೇಳುವವರಿಗೆ ಮಣ್ಣು ಅಗೆಯುವವರೆಗೆ ನಂಬಿಕೆಯಾಗಲಿಲ್ಲ.

ಅತಿಥಿ ಎಂಬ ಶಬ್ದಕ್ಕೆ, ಬರುವ ತಿಥಿಯು ಗೊತ್ತಿಲ್ಲದವನು ಎಂದು ಅರ್ಥ ಹೇಳುವರು. ಸಾವೊ ಪಾವ್ಲೊ ನಗರದಲ್ಲಿ ತಿಥಿ ಗೊತ್ತಿಲ್ಲದೆ ಬಂದವರೇ ಅನ್ನವಿಕ್ಕುವವರಾದರು. ಮೊದಲಿನಿಂದ ಇದ್ದವರು ಅವರ ಮೇಜಿನ ಮುಂದೆ ಅತಿಥಿಗಳಾಗಿ ಕುಳಿತರು. ಉಂಡವನು ಬೆಲೆಯನ್ನು ಕೊಟ್ಟು ಏಳುತ್ತಾನೆ. ಆದರೆ ಬೇಯಿಸಿದವರು ಯಾರೆಂದು ಕೇಳಿ ತಿಳಿಯುವವರೆಗೆ, ವಿದ್ಯಾರ್ಥಿಗಳ ಆ ಲೆಕ್ಕದಂತೆ, ಒಂದು ಋಣವು ಗೂಟಕ್ಕೆ ತೂಗುತ್ತಲೇ ಇರುವುದು.